ಮೊದಲು ಅಜ್ಜಿಯನ್ನು ದೋಣಿಯಲ್ಲಿ ಕೂರಿಸಿ

ಪ್ರಶ್ನೆ: ನಾನು ಕೋಟದವಳು, ಉಡುಪಿಯಲ್ಲಿ ಡಿಗ್ರಿ ಕೊನೆಯ ವರ್ಷ ಓದುತ್ತಿದ್ದೇನೆ. ಸೇತುವೆ ಇಲ್ಲದ ಕಾಲದಲ್ಲಿ ರಾತ್ರಿ ದೋಣಿಯಲ್ಲಿ ಹೊಳೆ ದಾಟಿದ ಕಥೆಯೊಂದನ್ನು ಅಜ್ಜಿ ಹೇಳುತ್ತಿರುತ್ತಾರೆ. ಅದನ್ನು ಕುಂದಾಪ್ರ ಕನ್ನಡದಲ್ಲೇ ಕಾರ್ಟೂನ್ ಮಾಡಬೇಕೆಂದು ಆಸೆ. ಚಿತ್ರ ಸುಮಾರಾಗಿ ಬಿಡಿಸುತ್ತೇನೆ. ಮನೆಯಲ್ಲಿ ಅಣ್ಣನ ಹಳೆಯ ಲ್ಯಾಪ್‌ಟಾಪ್ ಇದೆ, 8 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಬ್ಲೆಂಡರ್ ಎಂಬ 3ಡಿ ಅನಿಮೇಶನ್ ಸಾಫ್ಟ್‌ವೇರ್ ಹಾಕಿ ನೋಡಿದೆ, ತೆರೆದ ಕೂಡಲೇ ತಲೆ ತಿರುಗಿತು. ಯಾವ ಸಾಫ್ಟ್‌ವೇರ್‌ನಿಂದ ಶುರು ಮಾಡಲಿ? ಪೆನ್ ಟ್ಯಾಬ್ಲೆಟ್ ಬೇಕೇ ಬೇಕಾ? ಕೋರ್ಸ್‌ಗೆ ಸೇರಬೇಕಾ?

ಉತ್ತರ: ಬ್ಲೆಂಡರ್ ತೆರೆದು ತಲೆ ತಿರುಗಿದ್ದು ನಿಮ್ಮೊಬ್ಬರಿಗೇ ಅಲ್ಲ. ನಾನು ಮೊದಲ ಸಲ ತೆರೆದ ದಿನ ಪರದೆಯ ಮೇಲಿದ್ದ ಬೂದು ಬಣ್ಣದ ಚೌಕವನ್ನು ಅಳಿಸುವುದು ಹೇಗೆಂದು ಗೊತ್ತಾಗದೆ ಕಂಪ್ಯೂಟರನ್ನೇ ಆಫ್ ಮಾಡಿದ್ದೆ. ಹಾಗೆಂದು ಅದು ಕೆಟ್ಟ ಸಾಫ್ಟ್‌ವೇರ್ ಅಲ್ಲ. 2002ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ, 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯದ ಅನಿಮೇಶನ್ ಚಿತ್ರ ತಯಾರಾದದ್ದೂ ಅದರಲ್ಲೇ. ಅದರೊಳಗೆ ಗ್ರೀಸ್ ಪೆನ್ಸಿಲ್ ಎಂಬ 2ಡಿ ವಿಭಾಗವೂ ಇದೆ. ಆದರೆ ಅದು ಮಾಡೆಲಿಂಗ್, ಲೈಟಿಂಗ್, ಎಡಿಟಿಂಗ್ ಎಲ್ಲ ಒಂದೇ ಸೂರಿನಡಿ ಇರುವ ದೊಡ್ಡ ಕಾರ್ಖಾನೆ. ನಿಮಗೆ ಸದ್ಯ ಬೇಕಿರುವುದು ಜಗಲಿಯ ಮೇಲೆ ಹರಡಿ ಕೂತು ಕೆಲಸ ಮಾಡುವಷ್ಟು ಜಾಗ. ಆ ಲ್ಯಾಪ್‌ಟಾಪ್‌ನಲ್ಲಿ ಬ್ಲೆಂಡರನ್ನು ಡಿಲೀಟ್ ಮಾಡಬೇಡಿ, ಒಂದು ವರ್ಷ ಮುಚ್ಚಿಡಿ.

ಯಾವ ಸಾಫ್ಟ್‌ವೇರ್ ಎಂದು ಹೇಳುವ ಮೊದಲು ನಿಮ್ಮ ಕಥೆಯ ಬಗ್ಗೆ ಒಂದು ಮಾತು. ನಿಮಗೇ ಗೊತ್ತಿಲ್ಲದೆ ನೀವು ಹೊಸಬರಿಗೆ ಹೇಳಿ ಮಾಡಿಸಿದಂಥ ದೃಶ್ಯವನ್ನು ಆರಿಸಿಕೊಂಡಿದ್ದೀರಿ. ನಮ್ಮ ಕರಾವಳಿಯ ಹುಡುಗರು ಅನಿಮೇಶನ್ ಎಂದರೆ ಮೊದಲು ಯಕ್ಷಗಾನದ ವೇಷಕ್ಕೇ ಕೈ ಹಾಕುತ್ತಾರೆ. ಕಿರೀಟ, ಭುಜಕೀರ್ತಿ, ಎದೆಪದಕ, ಒಂದು ಚಿತ್ರಕ್ಕೆ ಇನ್ನೂರು ಗೆರೆ. ಒಂದು ಚಿತ್ರ ಅದ್ಭುತವಾಗಿ ಬರುತ್ತದೆ. ಆಮೇಲೆ ಅದನ್ನು ಸೆಕೆಂಡಿಗೆ ಹನ್ನೆರಡು ಸಲ ಬಿಡಿಸಬೇಕೆಂದು ಗೊತ್ತಾದ ದಿನ ಫೋಲ್ಡರ್ ಮುಚ್ಚುತ್ತಾರೆ. ಹುಲಿವೇಷದ್ದೂ ಇದೇ ಕಥೆ. ಪಟ್ಟೆಗಳು ಒಂದು ಫ್ರೇಮ್‌ನಿಂದ, ಅಂದರೆ ಒಂದು ಬಿಡಿ ಚಿತ್ರದಿಂದ, ಇನ್ನೊಂದಕ್ಕೆ ಒಂದು ಕೂದಲೆಳೆ ಆಚೀಚೆ ಆದರೂ ಹುಲಿಯ ಮೈಮೇಲೆ ಹುಳ ಹರಿದಾಡಿದ ಹಾಗೆ ಕಾಣುತ್ತದೆ. ನಿಮ್ಮದರಲ್ಲಿ ಏನಿದೆ? ಸೀರೆ ಉಟ್ಟ ಅಜ್ಜಿ, ಕೂತಿದ್ದಾರೆ, ಅದೂ ದೋಣಿಯ ಒಳಗೆ. ಕಾಲು ಕಾಣುವುದಿಲ್ಲ! ಅನಿಮೇಶನ್ ಕಲಿಯುವವರ ಅರ್ಧ ಕಣ್ಣೀರು ನಡಿಗೆಗೇ ಹರಿಯುವುದು. ಸೆರಗು ಭುಜದ ಕೀಲನ್ನು ಮುಚ್ಚುತ್ತದೆ, ದೋಣಿಯ ಅಂಚು ಸೊಂಟದ ಕೆಳಗಿನದೆಲ್ಲವನ್ನೂ ಮುಚ್ಚುತ್ತದೆ. ಹೊರಗೆ ಉಳಿಯುವುದು ತಲೆ, ಎರಡು ಕೈ, ಒಂದು ಬಾಯಿ. ರಾತ್ರಿಯ ದೃಶ್ಯವಾದ್ದರಿಂದ ಹಿನ್ನೆಲೆಯೂ ಕಪ್ಪು ನೀಲಿ, ಒಂದು ಲಾಟೀನು. ಇದಕ್ಕಿಂತ ಸುಲಭದ ಶುರು ಯಾರಿಗೂ ಸಿಗದು.

ಆದ್ದರಿಂದ ಇಡೀ ಕಥೆ ಬೇಡ. ಹತ್ತು ಸೆಕೆಂಡ್ ಮಾಡಿ. ದೋಣಿ ತೂಗುತ್ತಿದೆ, ಅಜ್ಜಿ ಕೂತು ಒಂದು ಮಾತು ಹೇಳುತ್ತಾರೆ. ಅಷ್ಟೇ. ಆ ಹತ್ತು ಸೆಕೆಂಡು ಧ್ವನಿಯೊಂದಿಗೆ, ಬಣ್ಣದೊಂದಿಗೆ, ಫೋನಿನಲ್ಲಿ ಹಾಕಿ ತೋರಿಸುವ ಹಾಗೆ ಪೂರ್ತಿ ಆಗಬೇಕು. ಅರ್ಧ ಮಾಡಿದ ಐದು ನಿಮಿಷದ ಸಿನಿಮಾಗಳು ನನ್ನ ಹಾರ್ಡ್ ಡಿಸ್ಕ್‌ನಲ್ಲೇ ಮೂರು ಇವೆ, ಅವುಗಳಿಂದ ನಾನು ಏನೂ ಕಲಿಯಲಿಲ್ಲ.

ಈಗ ಸಾಫ್ಟ್‌ವೇರ್. ಪಾತ್ರಕ್ಕೆ ಜೀವ ತುಂಬಲು ಮುಖ್ಯವಾಗಿ ಎರಡು ದಾರಿ. ಒಂದು, ಪ್ರತಿ ಫ್ರೇಮನ್ನೂ ಹೊಸದಾಗಿ ಬಿಡಿಸುವುದು. ಇನ್ನೊಂದು, ಪಾತ್ರವನ್ನು ತುಂಡು ತುಂಡಾಗಿ ಒಮ್ಮೆ ಬಿಡಿಸಿ, ಕೀಲು ಹಾಕಿ, ಗೊಂಬೆಯ ಹಾಗೆ ಆಡಿಸುವುದು. ಇದಕ್ಕೆ ಕಟೌಟ್ ಎನ್ನುತ್ತಾರೆ, ಕೀಲು ಹಾಕುವ ಕೆಲಸಕ್ಕೆ ರಿಗ್ಗಿಂಗ್ ಎನ್ನುತ್ತಾರೆ. ವೆಬ್‌ಕ್ಯಾಮ್ ಮುಂದೆ ನೀವು ಮುಖ ಆಡಿಸಿದರೆ ಪಾತ್ರವೂ ಮುಖ ಆಡಿಸುವ ಅಡೋಬಿ ಕ್ಯಾರೆಕ್ಟರ್ ಅನಿಮೇಟರ್ ಎಂಬುದೂ ಇದೆ. ಕಾಲೇಜಿನ ಗೆಳೆಯರು ಅದನ್ನೇ ಹೇಳಿರಬಹುದು. ಮೋಜಿನದೇನೋ ಹೌದು, ಆದರೆ ಅದರ ಪೂರ್ಣ ಆವೃತ್ತಿಗೆ ತಿಂಗಳ ಚಂದಾ ಕಟ್ಟಬೇಕು, ಕ್ಯಾಮೆರಾ ಮುಖವನ್ನು ಹಿಂಬಾಲಿಸುತ್ತಿರುವಾಗ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಮೇಲಾಗಿ, ಇಪ್ಪತ್ತರ ನಿಮ್ಮ ಮುಖದ ಚಲನೆ ಎಂಬತ್ತರ ಅಜ್ಜಿಗೆ ಹೊಂದುವುದಿಲ್ಲ.

ಮೊದಲ ಎರಡು ವಾರ ಪೆನ್ಸಿಲ್2ಡಿ ಹಾಕಿಕೊಳ್ಳಿ. ಉಚಿತ, ಹಗುರ, ಗುಂಡಿಗಳೂ ಕಡಿಮೆ. ಅದರಲ್ಲಿ ಬರೀ ಗೆರೆಯಲ್ಲಿ ಒಂದು ದೋಣಿ ತೂಗಿಸಿ, ಒಂದು ತೆಂಗಿನಕಾಯಿ ಬೀಳಿಸಿ. ಬಣ್ಣ ಬೇಡ. ಆಮೇಲೆ ಅಜ್ಜಿಯನ್ನು ಕ್ರೀಟಾದಲ್ಲಿ ಬಿಡಿಸಿ, ಸಿನ್‌ಫಿಗ್ ಸ್ಟುಡಿಯೋಗೆ ತಂದು ಆಡಿಸಿ. ಎರಡೂ ಉಚಿತ, ಎರಡಕ್ಕೂ 8 ಜಿಬಿ ಸಾಕಾಗುತ್ತದೆ, ಕ್ಯಾನ್ವಾಸ್ ಅಳತೆಯನ್ನು 1280×720 ಇಟ್ಟುಕೊಂಡರೆ ಲ್ಯಾಪ್‌ಟಾಪ್ ಬಿಸಿಯಾಗದು. ಓಪನ್‌ಟೂನ್ಜ್ ಬಗ್ಗೆಯೂ ಯಾರಾದರೂ ಹೇಳಬಹುದು. ಜಪಾನಿನ ಘಿಬ್ಲಿ ಸ್ಟುಡಿಯೋ ಬಳಸಿದ ಸಾಫ್ಟ್‌ವೇರಿನ ಕುಲದ್ದು ಅದು, 2016ರಲ್ಲಿ ಉಚಿತವಾಯಿತು. ಒಳ್ಳೆಯದೇ, ಆದರೆ ಹೊಸಬರನ್ನು ಬ್ಲೆಂಡರ್‌ನಷ್ಟೇ ಸತಾಯಿಸುತ್ತದೆ. ಮೋಹೋ, ಟೂನ್ ಬೂಮ್ ಹಾರ್ಮನಿ, ಕಾರ್ಟೂನ್ ಅನಿಮೇಟರ್ ಇವೆಲ್ಲ ದುಡ್ಡಿನವು. ಹತ್ತು ಸೆಕೆಂಡ್ ಮುಗಿಯುವವರೆಗೆ ಅವುಗಳ ಜಾಹೀರಾತನ್ನೂ ನೋಡಬೇಡಿ.

ದೋಣಿ ತೂಗಿಸುವುದು ಎಂದೆನಲ್ಲ, ಅದರಲ್ಲೇ ಅರ್ಧ ಪಾಠ ಇದೆ. ಹೊಸಬರು ದೋಣಿಯನ್ನು ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಒಂದೇ ವೇಗದಲ್ಲಿ ಓಡಿಸುತ್ತಾರೆ, ಲಿಫ್ಟಿನ ಹಾಗೆ ಕಾಣುತ್ತದೆ. ಮಲ್ಪೆಯಲ್ಲೋ ಹಂಗಾರಕಟ್ಟೆಯಲ್ಲೋ ಕಟ್ಟಿ ಹಾಕಿದ ದೋಣಿಯನ್ನು ಹತ್ತು ನಿಮಿಷ ಸುಮ್ಮನೆ ನೋಡಿ. ಮೇಲೆ ಹೋದದ್ದು ತುದಿಯಲ್ಲಿ ಒಂದು ಕ್ಷಣ ನಿಂತ ಹಾಗೆ ಆಗಿ, ನಿಧಾನವಾಗಿ ಇಳಿಯಲು ಶುರು ಮಾಡಿ, ನಡುವೆ ಬಿರುಸಾಗಿ, ಕೆಳಗೆ ಮತ್ತೆ ನಿಧಾನವಾಗುತ್ತದೆ. ಜೊತೆಗೆ ಮೂತಿ ಮೊದಲು ಏಳುತ್ತದೆ, ಹಿಂಬದಿ ಆಮೇಲೆ. ಅಂದರೆ ಏರಿಳಿತ ಒಂದು, ವಾಲುವುದು ಇನ್ನೊಂದು, ಎರಡೂ ಒಟ್ಟಿಗೆ ಶುರುವಾಗುವುದಿಲ್ಲ. ಸಿನ್‌ಫಿಗ್‌ನಲ್ಲಿ ಏರಿಳಿತಕ್ಕೆ 48 ಫ್ರೇಮ್‌ನ ಒಂದು ಸುತ್ತು ಕೊಟ್ಟಿದ್ದರೆ, ವಾಲುವ ಕೀ ಫ್ರೇಮ್‌ಗಳನ್ನು (ಚಲನೆಯ ತುದಿಗಳನ್ನು ನೀವೇ ಗುರುತು ಮಾಡಿಟ್ಟ ಫ್ರೇಮ್‌ಗಳು) ಹನ್ನೆರಡು ಫ್ರೇಮ್ ಹಿಂದಕ್ಕೆ ತಳ್ಳಿ. ಅದೊಂದು ತಳ್ಳಿನಿಂದ ದೋಣಿಯ ಕೆಳಗೆ ನೀರು ಬಂದುಬಿಡುತ್ತದೆ, ನೀರನ್ನು ನೀವು ಬಿಡಿಸಿರದಿದ್ದರೂ.

ಅಜ್ಜಿಗೂ ಇದೇ ಅನ್ವಯಿಸುತ್ತದೆ. ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟ ನಿಮಗೆ ಅಷ್ಟೇನೂ ದೂರವಲ್ಲ. ಕೊಗ್ಗ ಕಾಮತರ ಮನೆತನ ತಲೆಮಾರುಗಳಿಂದ ಆಡಿಸಿಕೊಂಡು ಬಂದ ಸೂತ್ರದ ಗೊಂಬೆಗಳು. ಒಂದು ಪ್ರದರ್ಶನ ನೋಡಿ ಬನ್ನಿ, ನಾನು ಇಲ್ಲಿ ಹೇಳುವುದೆಲ್ಲ ಅಲ್ಲಿ ಮರದಲ್ಲಿ ಸಿಗುತ್ತದೆ. ಗೊಂಬೆಯ ಮೈ ತಿರುಗಿದಾಗ ಕೈ ಅದೇ ಕ್ಷಣಕ್ಕೆ ತಿರುಗುವುದಿಲ್ಲ. ದಾರದ ಸಡಿಲದಿಂದ ಒಂದು ತುಸು ತಡವಾಗಿ ಬರುತ್ತದೆ, ಮೈ ನಿಂತ ಮೇಲೂ ಕೈ ಸ್ವಲ್ಪ ತೂಗಿ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಆ ಸಡಿಲ ತಾನಾಗಿ ಬರುವುದಿಲ್ಲ. ತಲೆ, ಕೈ, ಸೆರಗು ಎಲ್ಲವೂ 24ನೇ ಫ್ರೇಮ್‌ಗೆ ಸರಿಯಾಗಿ ನಿಂತುಬಿಡುತ್ತವೆ, ಪಾತ್ರ ರೋಬೋ ಆಗುತ್ತದೆ. ತಲೆ 24ಕ್ಕೆ ನಿಂತರೆ ಕೈ 26ಕ್ಕೆ, ಬೆರಳು 28ಕ್ಕೆ, ಸೆರಗಿನ ತುದಿ 32ಕ್ಕೆ ನಿಲ್ಲಲಿ. ಡಿಸ್ನಿಯ ಇಬ್ಬರು ಹಿರಿಯ ಅನಿಮೇಟರುಗಳು 1981ರಲ್ಲಿ ಪುಸ್ತಕ ಮಾಡಿ ಪಟ್ಟಿ ಕೊಟ್ಟ ಹನ್ನೆರಡು ಸೂತ್ರಗಳಲ್ಲಿ ಇದೂ ಒಂದು. ಹನ್ನೆರಡನ್ನೂ ಬಾಯಿಪಾಠ ಮಾಡುವ ಅವಸರ ಬೇಡ. ಇದೊಂದು, ತುದಿಗಳಲ್ಲಿ ನಿಧಾನವಾಗುವುದೊಂದು, ಚಲನೆಗೆ ಮುಂಚೆ ಮೈ ಸಿದ್ಧವಾಗುವುದೊಂದು, ಈ ಮೂರು ಕೈಗೆ ಬಂದರೆ ಹತ್ತು ಸೆಕೆಂಡಿಗೆ ಧಾರಾಳ.

ಮೂರನೆಯದಕ್ಕೆ ನಿಮ್ಮ ಅಜ್ಜಿಯೇ ಗುರು. ಅವರು ಜಗಲಿಯಿಂದ ಏಳುವುದನ್ನು ಗೊತ್ತಾಗದ ಹಾಗೆ ಫೋನಿನಲ್ಲಿ ತೆಗೆದುಕೊಳ್ಳಿ. ಆಮೇಲೆ ತೋರಿಸಿ ಒಪ್ಪಿಗೆ ಕೇಳಿ, ಬೈಗುಳ ತಿಂದರೂ ಅಡ್ಡಿಯಿಲ್ಲ. ಏಳುವ ಮುಂಚೆ ಅವರು ಮುಂದಕ್ಕೆ ಬಾಗುತ್ತಾರೆ, ಒಂದು ಕೈ ಮೊಣಕಾಲಿಗೆ ಹೋಗುತ್ತದೆ, ಅಲ್ಲಿ ಒಂದು ಉಸಿರು ಇರುತ್ತದೆ, ಆಮೇಲೆ ಏಳುತ್ತಾರೆ. ಆ ಬಾಗುವಿಕೆ ಇಲ್ಲದೆ ಸೀದಾ ಮೇಲೆದ್ದರೆ ಯಾರೋ ದಾರ ಕಟ್ಟಿ ಎಳೆದ ಹಾಗೆ ಕಾಣುತ್ತದೆ. ದೋಣಿಯಲ್ಲೂ ಅಷ್ಟೇ. ಕೈ ಎತ್ತಿ ಆಚೆ ದಡ ತೋರಿಸುವ ಮುಂಚೆ ಕೈ ಒಂಚೂರು ಮೈ ಕಡೆಗೆ ಸರಿಯಬೇಕು.

ತುಂಡು ಮಾಡುವಾಗ ಒಂದು ಕಸುಬಿನ ಗುಟ್ಟು. ಮೊಣಕೈಯನ್ನು ಕತ್ತರಿಸಿದ ಕೋಲಿನ ಹಾಗೆ ನೇರ ಗೆರೆಯಲ್ಲಿ ತುಂಡರಿಸಬೇಡಿ. ಮೇಲ್ತೋಳಿನ ತುದಿ ಮತ್ತು ಮುಂಗೈಯ ತುದಿ ಎರಡನ್ನೂ ಒಂದೇ ಅಳತೆಯ ವೃತ್ತವಾಗಿ ಮುಗಿಸಿ, ಒಂದರ ಮೇಲೊಂದು ಕೂರಿಸಿ, ಸರಿಯಾಗಿ ಆ ವೃತ್ತದ ನಡುವೆ ತಿರುಗುವ ಬಿಂದುವನ್ನು ಇಡಿ. ಹೀಗೆ ಮಾಡಿದರೆ ಕೈ ಎಷ್ಟು ಮಡಚಿದರೂ ಬಿರುಕು ಕಾಣದು. ವೃತ್ತದ ಮೇಲೆ ಕಪ್ಪು ಹೊರಗೆರೆ ಬಿಡಿಸಿದ್ದರೆ ಮಾತ್ರ ಮೊಣಕೈಯಲ್ಲಿ ಗೆರೆ ಅಡ್ಡ ಬರುತ್ತದೆ, ಅಲ್ಲಿ ಅಳಿಸಿಬಿಡಿ. ಅಜ್ಜಿಯ ಬಳೆಯನ್ನು ಬೇರೆಯೇ ತುಂಡಾಗಿ ಬಿಡಿಸಿ, ಮಣಿಕಟ್ಟಿನ ಕೀಲು ಅದರಡಿ ಮುಚ್ಚಿಹೋಗುತ್ತದೆ. ಪ್ರತಿ ತುಂಡೂ ಬೇರೆ ಲೇಯರ್‌ನಲ್ಲಿ, ಅಂದರೆ ಬೇರೆ ಪದರದಲ್ಲಿ, ಇರಲಿ, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ಹೊರಗೆ ತೆಗೆಯಿರಿ, ಫೈಲಿಗೆ ಎಡಗೈ_ಮೇಲೆ, ಎಡಗೈ_ಕೆಳಗೆ ಎಂದು ಅರ್ಥವಾಗುವ ಹೆಸರಿಡಿ. ಕನ್ನಡದ ಹೆಸರು ಕೊಟ್ಟರೆ ಕೆಲವು ಸಾಫ್ಟ್‌ವೇರ್ ತಕರಾರು ಮಾಡುವುದುಂಟು, ಅಂಥಲ್ಲಿ ಇಂಗ್ಲಿಷ್ ಲಿಪಿಯಲ್ಲೇ ಬರೆಯಿರಿ. ಲೇಯರ್1, ಲೇಯರ್1 ಕಾಪಿ ಎಂದು ಬಿಟ್ಟವರು ಮೂರನೇ ದಿನ ಅಜ್ಜಿಯ ಕಿವಿಗೆ ಹೆಬ್ಬೆರಳು ಜೋಡಿಸಿರುತ್ತಾರೆ.

ಇನ್ನು ಬಾಯಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಇಂಗ್ಲಿಷ್ ಪಾಠಗಳು ಇಲ್ಲಿ ನಮ್ಮ ಕೈ ಬಿಡುತ್ತವೆ. ಪಾತ್ರದ ಬಾಯಿಯನ್ನು ಮಾತಿಗೆ ಹೊಂದಿಸುವುದಕ್ಕೆ ಲಿಪ್ ಸಿಂಕ್ ಎನ್ನುತ್ತಾರೆ. ಪಪಾಗಾಯೊ ಎಂಬ ಸಣ್ಣ ಉಚಿತ ಸಾಫ್ಟ್‌ವೇರ್ ಇದೆ, ಅದರ ಫೈಲನ್ನು ಸಿನ್‌ಫಿಗ್ ಓದುತ್ತದೆ. ಆದರೆ ಅದು ಇಂಗ್ಲಿಷ್ ಪದಕೋಶ ಇಟ್ಟುಕೊಂಡು ಬಾಯಿಯ ಆಕಾರ ಆರಿಸುವಂಥದ್ದು, ನಿಮ್ಮ ‘ಮಾಣಿ’ ಅದಕ್ಕೆ ಗೊತ್ತಿಲ್ಲ. ರೂಬಾರ್ಬ್ ಎಂಬ ಇನ್ನೊಂದರಲ್ಲಿ ಭಾಷೆ ಯಾವುದಾದರೂ ಸದ್ದನ್ನಷ್ಟೇ ಕೇಳಿ ಗುರುತಿಸುವ ಆಯ್ಕೆ ಇದೆ, ಅದು ಪರವಾಗಿಲ್ಲ. ಆದರೆ ಮೊದಲ ಹತ್ತು ಸೆಕೆಂಡನ್ನು ಕೈಯಲ್ಲೇ ಮಾಡಿ ಎಂದು ನನ್ನ ಹಠ. ಕನ್ನಡದವರಿಗೆ ಅದು ಬೇರೆಯವರಿಗಿಂತ ಸುಲಭ. ಏಕೆಂದರೆ ಒಂದನೇ ಕ್ಲಾಸಿನಲ್ಲಿ ನಾವು ಕಲಿತ ವರ್ಣಮಾಲೆ ಇದೆಯಲ್ಲ, ಅದು ಬಾಯಿಯ ಯಾವ ಜಾಗದಲ್ಲಿ ಅಕ್ಷರ ಹುಟ್ಟುತ್ತದೆ ಎಂಬ ಲೆಕ್ಕದಲ್ಲೇ ಜೋಡಿಸಿದ್ದು. ಕ ಸಾಲು ಗಂಟಲ ಹತ್ತಿರ, ಚ ಸಾಲು ಅಂಗುಳಿನಲ್ಲಿ, ಟ ಸಾಲು ನಾಲಿಗೆ ಮೇಲೆ ಮಡಚಿ, ತ ಸಾಲು ಹಲ್ಲಿಗೆ ತಾಗಿ, ಪ ಸಾಲು ತುಟಿಯಲ್ಲಿ.

ಕನ್ನಡಿ ಮುಂದೆ ನಿಂತು ಐದೂ ಸಾಲು ಹೇಳಿ ನೋಡಿ. ಕ, ಟ, ತ ಸಾಲುಗಳಲ್ಲಿ ಕೆಲಸ ನಡೆಯುವುದು ಬಾಯಿಯ ಒಳಗೆ, ಹೊರಗಿನಿಂದ ನೋಡುವವರಿಗೆ ತುಟಿ ಸ್ವಲ್ಪ ತೆರೆದಿರುವುದಷ್ಟೇ ಕಾಣುತ್ತದೆ. ಹಾಗಾದರೆ ಆ ಮೂರೂ ಸಾಲಿಗೆ ಒಂದೇ ಬಾಯಿ ಸಾಕು, ಹ್ರಸ್ವ ಅಕಾರಕ್ಕೂ ಅದೇ. ಪ, ಫ, ಬ, ಭ, ಮ ಐದಕ್ಕೂ ಮುಚ್ಚಿದ ಬಾಯಿ, ಸುಮ್ಮನಿರುವಾಗಲೂ ಅದೇ. ಆ ಎಂದರೆ ದೊಡ್ಡದಾಗಿ ತೆರೆದದ್ದು. ಇ, ಈ, ಎ, ಏ ನಾಲ್ಕಕ್ಕೂ ಅಗಲಕ್ಕೆ ಎಳೆದದ್ದು. ಉ, ಊ, ಒ, ಓ ನಾಲ್ಕಕ್ಕೂ ದುಂಡಗಿನದು. ಚ, ಜ, ಶ, ಸ ಬಂದಾಗ ಹಲ್ಲು ಹತ್ತಿರ ಬಂದದ್ದು. ವಕಾರಕ್ಕೆ ಕೆಳತುಟಿ ಹಲ್ಲಿಗೆ ತಾಗಿದ್ದು. ಒಟ್ಟು ಏಳು ಬಾಯಿ. ಅಜ್ಜಿಗೆ ಹಲ್ಲಿಲ್ಲದಿದ್ದರೆ ಇನ್ನೂ ಒಂದು ಉಳಿತಾಯ. ಈ ಏಳನ್ನೂ ಬಿಡಿಸಿ ಸಿನ್‌ಫಿಗ್‌ನ ಸ್ವಿಚ್ ಗ್ರೂಪ್‌ನಲ್ಲಿ ಹಾಕಿದರೆ ಯಾವ ಫ್ರೇಮ್‌ಗೆ ಯಾವ ಬಾಯಿ ಎಂದು ಆರಿಸುತ್ತಾ ಹೋಗಬಹುದು.

ಒಂದು ಮಾತನ್ನು ಬಿಡಿಸಿಯೇ ತೋರಿಸುತ್ತೇನೆ. ‘ಏ ಮಾಣಿ, ಊಟ ಆಯ್ತಾ?’ ದೋಣಿಯವನನ್ನು ಅಜ್ಜಿ ಹೀಗೆ ಮಾತಾಡಿಸುತ್ತಾರೆ ಎಂದಿಟ್ಟುಕೊಳ್ಳಿ. ನಾನು ಹೇಳಿ ನೋಡಿದೆ, ಎರಡು ಸೆಕೆಂಡ್ ಬಂತು. ಸೆಕೆಂಡಿಗೆ 24 ಫ್ರೇಮ್ ಎಂದರೆ 48. ಏ ಎಂದು ಕರೆಯುವುದಕ್ಕೆ ಅಗಲದ ಬಾಯಿ, ಆರು ಫ್ರೇಮ್. ಮ ಬಂದಾಗ ಬಾಯಿ ಮುಚ್ಚಬೇಕು, ಎರಡೇ ಫ್ರೇಮ್, ಕೂಡಲೇ ಆಕಾರಕ್ಕೆ ದೊಡ್ಡ ಬಾಯಿ ಆರು. ಣಿಗೆ ಅಗಲದ್ದು ಆರು, ಣಕಾರವನ್ನು ತೋರಿಸುವ ಗೋಜಿಗೆ ಹೋಗಬೇಡಿ. ಆಮೇಲೆ ಆರು ಫ್ರೇಮ್ ಬಾಯಿ ಮುಚ್ಚಿದ ಮೌನ, ಅಲ್ಲೊಮ್ಮೆ ಕಣ್ಣು ಮಿಟುಕಿಸಿ. ಊಗೆ ದುಂಡಗಿನದು ಆರು, ಟಗೆ ಸಣ್ಣ ತೆರೆದದ್ದು ನಾಲ್ಕು, ಆಗೆ ದೊಡ್ಡದು ಆರು, ಯಕಾರಕ್ಕೆ ಅಗಲದ್ದು ಎರಡು, ತಾಗೆ ಮತ್ತೆ ದೊಡ್ಡದು ನಾಲ್ಕು. ಕೂಡಿಸಿದರೆ 48. ಹತ್ತೇ ಬದಲಾವಣೆ. ಮ ಎಂಬ ಆ ಎರಡು ಫ್ರೇಮ್ ಬಿಟ್ಟುಹೋದರೆ ಉಳಿದದ್ದೆಲ್ಲ ಸರಿಯಿದ್ದರೂ ನೋಡುವವರಿಗೆ ಡಬ್ಬಿಂಗ್ ಸಿನಿಮಾ ನೋಡಿದ ಹಾಗೆ ಆಗುತ್ತದೆ. ಕಣ್ಣು ಎಲ್ಲವನ್ನೂ ಕ್ಷಮಿಸುತ್ತದೆ, ತುಟಿ ಮುಚ್ಚದ ಮಕಾರವನ್ನು ಮಾತ್ರ ಕ್ಷಮಿಸುವುದಿಲ್ಲ.

ಒತ್ತಕ್ಷರಗಳಲ್ಲಿ ಇನ್ನೂ ಒಂದು ಸೂಕ್ಷ್ಮ. ‘ಅಪ್ಪ’, ‘ಅಮ್ಮ’, ‘ಹಬ್ಬ’ ಎನ್ನುವಾಗ ತುಟಿ ಮುಚ್ಚಿಕೊಂಡು ಒಂದು ಕ್ಷಣ ಹಾಗೇ ಇರುತ್ತದೆ, ಆಮೇಲೆ ಬಿಡುತ್ತದೆ. ಒಂಟಿ ಪಕಾರಕ್ಕೆ ನಾನು ಎರಡು ಫ್ರೇಮ್ ಕೊಟ್ಟರೆ ಒತ್ತು ಇದ್ದಲ್ಲಿ ನಾಲ್ಕು ಕೊಡುತ್ತೇನೆ, ಅಜ್ಜಿ ಒತ್ತಿ ಹೇಳುವವರಾದರೆ ಐದು. ಇಂಗ್ಲಿಷಿನಲ್ಲಿ ಪದದೊಳಗೆ ಇಂಥ ದ್ವಿತ್ವ ಇಲ್ಲದ ಕಾರಣ ಅವರ ಪಾಠಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಇನ್ನೊಂದು, ಬಾಯಿಯನ್ನು ಸದ್ದಿಗಿಂತ ಒಂದೆರಡು ಫ್ರೇಮ್ ಮುಂಚೆ ಇಡಿ. ಸರಿಯಾಗಿ ಸದ್ದಿನ ಮೇಲೇ ಇಟ್ಟರೆ ತಡವಾದ ಹಾಗೆ ಕಾಣುತ್ತದೆ.

ಈ ಲೆಕ್ಕವೆಲ್ಲ ನಡೆಯಬೇಕಾದರೆ ಧ್ವನಿ ಮೊದಲು ಕೈಯಲ್ಲಿರಬೇಕು. ಚಿತ್ರ ಮುಗಿಸಿ ಆಮೇಲೆ ಧ್ವನಿ ಕೂರಿಸುತ್ತೇನೆ ಎನ್ನುವವರು ಎರಡು ಸಲ ಕೆಲಸ ಮಾಡುತ್ತಾರೆ. ಅಜ್ಜಿಯ ದನಿಯನ್ನೇ ಹಿಡಿಯಿರಿ, ನಟಿಸುವವರನ್ನು ಹುಡುಕಬೇಡಿ. ಕುಂದಾಪ್ರ ಕನ್ನಡದ ರಾಗವನ್ನು ಬೇರೆ ಊರಿನವರು ಅನುಕರಿಸಿದರೆ ಅದು ನಗೆನಾಟಕ ಆಗುತ್ತದೆ. ಬರೆದು ಕೊಟ್ಟು ಓದಿಸಲೂಬೇಡಿ, ಓದುವಾಗ ಅಜ್ಜಿಯಂದಿರೂ ಆಕಾಶವಾಣಿ ಆಗಿಬಿಡುತ್ತಾರೆ. ಕಥೆ ಕೇಳುವ ಹಾಗೆ ಕೇಳಿ, ಫೋನನ್ನು ಪಕ್ಕದ ದಿಂಬಿನ ಮೇಲೆ ಇಟ್ಟುಬಿಡಿ. ಫ್ಯಾನ್ ಆಫ್ ಮಾಡಿ. ಮಳೆಗಾಲದಲ್ಲಿ ಹಂಚಿನ ಮನೆಯಲ್ಲಿ ರೆಕಾರ್ಡಿಂಗ್ ಸಾಧ್ಯವಿಲ್ಲ ಎಂದೇ ಹೇಳಬಹುದು, ಶೀಟು ಹಾಕಿದ ಅಂಗಳವಂತೂ ಚೆಂಡೆ ಬಾರಿಸಿದ ಹಾಗೆ. ಮಳೆ ಬಿಟ್ಟ ಮಧ್ಯಾಹ್ನ ನೋಡಿ, ಒಳಕೋಣೆಯಲ್ಲಿ ಹಾಸಿಗೆ ಬಟ್ಟೆಗಳ ನಡುವೆ ಕೂರಿಸಿ. ಆಮೇಲೆ ಉಚಿತವಾಗಿ ಸಿಗುವ ಅಡಾಸಿಟಿಯಲ್ಲಿ ಬೇಕಾದ ಹತ್ತು ಸೆಕೆಂಡ್ ಕತ್ತರಿಸಿಕೊಳ್ಳಿ. ಹಿನ್ನೆಲೆಗೆ ಯಾವುದೋ ಮೇಳದ ಭಾಗವತರ ಪದ್ಯವನ್ನು ಯೂಟ್ಯೂಬ್‌ನಿಂದ ಇಳಿಸಿ ಹಾಕುವ ಯೋಚನೆ ಇದ್ದರೆ ಬಿಡಿ. ಅದು ಅವರ ದುಡಿಮೆ, ಕೇಳದೆ ತೆಗೆಯಬಾರದು. ಹೊಳೆಯ ಸದ್ದು ನಿಮ್ಮ ಊರಿನಲ್ಲಿ ಪುಕ್ಕಟೆ ಸಿಗುತ್ತದೆ.

ಪೆನ್ ಟ್ಯಾಬ್ಲೆಟ್ ಕೇಳಿದ್ದೀರಿ. ಈಗ ಬೇಡ. ಕಾಗದದ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿ, ಹಗಲು ಬೆಳಕಿನಲ್ಲಿ ಫೋಟೋ ತೆಗೆದು, ಕ್ರೀಟಾದಲ್ಲಿ ಅದರ ಮೇಲೆ ಮೌಸ್‌ನಲ್ಲೇ ಗೆರೆ ಎಳೆಯಬಹುದು. ಕಟೌಟ್‌ಗೆ ಗೆರೆ ಎಳೆಯುವುದು ಒಮ್ಮೆ ಮಾತ್ರ, ಕೈ ನೋವು ಸಹಿಸಬಹುದು. ಹತ್ತು ಸೆಕೆಂಡ್ ಮುಗಿದ ಮೇಲೂ ಆಸೆ ಉಳಿದಿದ್ದರೆ ಹುಯಿಯಾನ್, ಎಕ್ಸ್‌ಪಿ ಪೆನ್, ವೇಕಮ್ ಇವುಗಳ ಸಣ್ಣ ಟ್ಯಾಬ್ಲೆಟ್‌ಗಳು ನಾಲ್ಕೈದು ಸಾವಿರದ ಆಸುಪಾಸಿನಲ್ಲಿ ಸಿಗುತ್ತವೆ. ಪರದೆ ಇರುವ ದುಬಾರಿ ಟ್ಯಾಬ್ಲೆಟ್ ಬೇಡವೇ ಬೇಡ.

ಕೋರ್ಸ್ ವಿಷಯದಲ್ಲಿ ನಾನು ಸ್ವಲ್ಪ ಪೂರ್ವಗ್ರಹಿ, ಮೊದಲೇ ಹೇಳಿಬಿಡುತ್ತೇನೆ. ಮಂಗಳೂರಿನಲ್ಲಿ ನಾನೂ ಒಂದು ಕಡೆ ಫೀಸು ಕಟ್ಟಿ ಸೇರಿದ್ದೆ. ಒಂದೂವರೆ ವರ್ಷದಲ್ಲಿ ಒಂಬತ್ತು ಸಾಫ್ಟ್‌ವೇರ್‌ಗಳ ಮೆನು ತೋರಿಸಿದರು. ಫೈಲ್, ಎಡಿಟ್, ವ್ಯೂ. ಮುಗಿಯುವಾಗ ನನ್ನ ಕೈಯಲ್ಲಿ ಒಂದು ಸರ್ಟಿಫಿಕೇಟ್ ಇತ್ತು, ಮುಗಿದ ಮೂವತ್ತು ಸೆಕೆಂಡ್ ಇರಲಿಲ್ಲ. ಎಲ್ಲ ಕಡೆಯೂ ಹಾಗೇ ಎಂದು ನಾನು ಹೇಳುವುದಿಲ್ಲ. ಸೇರುವುದಾದರೆ ಒಳಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ಕಳೆದ ಬ್ಯಾಚಿನವರು ಮಾಡಿ ಮುಗಿಸಿದ್ದನ್ನು ತೋರಿಸಿ. ಪೋಸ್ಟರ್ ತೋರಿಸಿದರೆ ಹೊರಗೆ ಬನ್ನಿ. ಬೆಂಗಳೂರಿನ ಸ್ಟುಡಿಯೋದಲ್ಲಿ ಕೆಲಸ ಬೇಕೆಂಬ ಗುರಿ ಇದ್ದರೆ ಮುಂದೆ ಮಾಯಾ ಎಂಬ 3ಡಿ ಸಾಫ್ಟ್‌ವೇರ್, ಹಾರ್ಮನಿ ಕಲಿಯಬೇಕಾದೀತು, ಆಗ ಒಳ್ಳೆಯ ಗುರು ಇದ್ದರೆ ದಾರಿ ಹತ್ತಿರವಾಗುತ್ತದೆ. ಅಜ್ಜಿಯ ಕಥೆಗೆ ಅದು ಬೇಡ.

ಇನ್ನೊಂದನ್ನು ಹೇಳದಿದ್ದರೆ ಈ ಊರಿನವನಾಗಿ ತಪ್ಪು ಮಾಡಿದಂತೆ. ನಮ್ಮಲ್ಲಿ ಕರೆಂಟು ಹೋಗುತ್ತದೆ. ವರ್ಷಗಳ ಹಿಂದೆ ಒಂದು ಜುಲೈಯಲ್ಲಿ ಟಿವಿಗೆ 30 ಸೆಕೆಂಡಿನ ಜಾಹೀರಾತು ಮಾಡುತ್ತಿದ್ದೆ. ಟಿವಿಗೆ ಸೆಕೆಂಡಿಗೆ 25 ಫ್ರೇಮ್, ಒಟ್ಟು 750. ಸೀದಾ ವಿಡಿಯೋ ಫೈಲ್ ಆಗಿ ರೆಂಡರ್ (ಫ್ರೇಮ್‌ಗಳನ್ನು ಕಂಪ್ಯೂಟರ್ ಕೊನೆಯ ರೂಪಕ್ಕೆ ತರುವ ಕೆಲಸ) ಇಟ್ಟು ಮಲಗಿದ್ದೆ. ಬೆಳಗಿನ ಜಾವ ಗುಡುಗಿಗೆ ಎದ್ದು ನೋಡಿದರೆ 690ರಲ್ಲಿ ಕಂಪ್ಯೂಟರ್ ಸತ್ತಿದೆ. ಅರ್ಧಕ್ಕೆ ನಿಂತ ವಿಡಿಯೋ ಫೈಲ್ ತೆರೆಯಲೇ ಇಲ್ಲ, 690 ಫ್ರೇಮೂ ಹೊಳೆ ಪಾಲು. ಆವತ್ತಿನಿಂದ ನಾನು ವಿಡಿಯೋ ಆಗಿ ರೆಂಡರ್ ಮಾಡುವುದಿಲ್ಲ. ಒಂದೊಂದು ಫ್ರೇಮನ್ನೂ ನಂಬರ್ ಇರುವ ಪಿಎನ್‌ಜಿ ಚಿತ್ರವಾಗಿ ತೆಗೆಯುತ್ತೇನೆ. ನಿಮ್ಮ ಹತ್ತು ಸೆಕೆಂಡಿಗೆ 240 ಚಿತ್ರ. 170ರಲ್ಲಿ ನಿಂತರೆ 171ರಿಂದ ಮುಂದುವರಿಸಿದರಾಯಿತು. ಎಲ್ಲ ಆದ ಮೇಲೆ ಶಾಟ್‌ಕಟ್‌ನಂಥ ಉಚಿತ ಎಡಿಟರ್‌ನಲ್ಲಿ ಧ್ವನಿಯ ಜೊತೆ ಜೋಡಿಸಿ. ಕೆಲಸದ ಫೈಲನ್ನೂ ಅಜ್ಜಿ_01, ಅಜ್ಜಿ_02 ಎಂದು ದಿನಕ್ಕೊಂದು ಹೊಸ ಹೆಸರಿನಲ್ಲಿ ಉಳಿಸಿ, ಒಂದು ಪ್ರತಿ ಪೆನ್‌ಡ್ರೈವ್‌ಗೆ ಹೋಗಲಿ.

ಕೊನೆಗೆ ಶೀರ್ಷಿಕೆ ಹಾಕುವಾಗ ಒಂದು ಎಚ್ಚರ. ಹಲವು ಅನಿಮೇಶನ್ ಸಾಫ್ಟ್‌ವೇರ್‌ಗಳಲ್ಲಿ ನೇರವಾಗಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕಕ್ಕೆ ನಿಲ್ಲುತ್ತದೆ, ‘ಅಜ್ಜಿ’ ಎಂಬುದು ‘ಅಜ್‌ಜಿ’ ಆಗುತ್ತದೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಯೂನಿಕೋಡ್ ಫಾಂಟ್ ಬಳಸಿ ಬರೆದು, ಚಿತ್ರವಾಗಿ ಹೊರತೆಗೆದು, ಅದನ್ನೇ ತಂದು ಹಾಕಿ.

ಎಡಿಟರ್‌ನಿಂದ ಎಂಪಿ4 ಆಗಿ ತೆಗೆದುಕೊಳ್ಳಿ, ಎಚ್.264 ಎಂಬ ಆಯ್ಕೆ ಇರುತ್ತದೆ. ಮುಂಬೈಯಲ್ಲೋ ದುಬೈಯಲ್ಲೋ ಇರುವ ಚಿಕ್ಕಪ್ಪ ಚಿಕ್ಕಮ್ಮಂದಿರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ವಿಡಿಯೋ ಆಗಿ ಕಳಿಸಬೇಡಿ. ಅದು ಹಿಂಡಿ ಸಣ್ಣದು ಮಾಡಿ ರಾತ್ರಿಯ ಹೊಳೆಯನ್ನು ಕಪ್ಪು ಚೌಕಗಳ ರಾಶಿ ಮಾಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಅಜ್ಜಿಗೆ ಮಾತ್ರ ಲ್ಯಾಪ್‌ಟಾಪ್‌ನಲ್ಲೇ ತೋರಿಸಿ, ಸೌಂಡ್ ಜಾಸ್ತಿ ಇಟ್ಟು, ಮೊದಲೇ ಒಮ್ಮೆ ಹಾಕಿ ನೋಡಿಕೊಂಡು.